ಕಲ್ಲುಹೂವನ್ನು ಕೆರೆಯಬೇಡಿ

ಸ್ಟ್ರೌಡ್‌ನಲ್ಲಿರುವ ಮಗಳ ಮನೆಗೆ ಹೋದಾಗಲೆಲ್ಲ ಒಂದು ದಿನವನ್ನು ಪೇನ್ಸ್‌ವಿಕ್‌ಗೆಂದೇ ಎತ್ತಿಡುತ್ತೇನೆ. ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನ ಈ ಪುಟ್ಟ ಊರಿನ ಸೇಂಟ್ ಮೇರಿ ಚರ್ಚಿನ ಅಂಗಳದಲ್ಲಿ, ಕತ್ತರಿಸಿ ಒಪ್ಪ ಮಾಡಿದ ಯೂ ಮರಗಳ ನಡುವೆ, ಹದಿನೇಳು ಹದಿನೆಂಟನೇ ಶತಮಾನದ ಗೋರಿಗಳಿವೆ. ಉಣ್ಣೆಬಟ್ಟೆಯಲ್ಲಿ ದುಡ್ಡು ಕಂಡವರವು. ಕೆಲವು ಪೆಟ್ಟಿಗೆಯಂತೆ, ಕೆಲವು ಟೀಪುಡಿ ಡಬ್ಬಿಯಂತೆ ದುಂಡಗೆ. ಪೆಟ್ಟಿಗೆಯೊಳಗೆ ಹೆಣವಿರುವುದಿಲ್ಲ, ಅದು ನೆಲದಡಿ. ಬಹಳಷ್ಟನ್ನು ಕೆತ್ತಿದ್ದು ಅದೇ ಊರಿನ ಬ್ರಯಾನ್ ಮನೆತನ. 1787ರಲ್ಲಿ ತೀರಿಕೊಂಡ ಜಾನ್ ಬ್ರಯಾನನ ಗೋರಿ ಮಾತ್ರ ಪಿರಮಿಡ್ಡು.

ಹೋದ ಸಲ ಹತ್ತಿರದ ಇನ್ನೊಂದು ಹಳ್ಳಿಯ ಚರ್ಚಿನಲ್ಲಿ ಒಬ್ಬರು ತಮ್ಮ ಹಿರಿಯರ ಹೆಸರು ಓದಲೆಂದು ತಂತಿ ಬ್ರಷ್ಷಿನಲ್ಲಿ ಗೋರಿ ಉಜ್ಜುತ್ತಿದ್ದರು. ಹಳದಿ ಪುಡಿ ಮೊಣಕಾಲ ಮೇಲೆ ಉದುರುತ್ತಿತ್ತು. ನನಗೆ ತಡೆಯಲಾಗಲಿಲ್ಲ, ನಿಲ್ಲಿಸಿ ಎಂದೆ. ಆ ಹಳದಿ, ಬೂದು ಮಚ್ಚೆಗಳು ಕೊಳೆಯಲ್ಲ. ನಾವು ಮಸಾಲೆಗೆ ಹಾಕುವ ಕಲ್ಲುಹೂವಿನ ಬಳಗದವು. ಎಷ್ಟೋ ಜಾತಿಗಳು ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಬೆಳೆಯುವುದಿಲ್ಲ. ಅಂಗೈಯಗಲದ ಮಚ್ಚೆಯನ್ನು ಕೆರೆದು ಹಾಕಲು ಅರೆಗಳಿಗೆ ಸಾಕು. ಜತೆಗೆ ಈ ಗೋರಿಗಳ ಸುಣ್ಣಕಲ್ಲು ಮೆದು, ಅಕ್ಷರದ ಅಂಚೂ ಹೋಗುತ್ತದೆ.

ಅದಕ್ಕಿಂತ ಕೆಟ್ಟದ್ದು ಸಿಮೆಂಟು. ನಮ್ಮಪ್ಪ ಗಾರೆ ಕೆಲಸದವರು, ಸುಣ್ಣ ಅರಳಿಸುವ ಗುಂಡಿಯ ಪಕ್ಕದಲ್ಲೇ ನಾನು ಬೆಳೆದದ್ದು. "ಗಾರೆ ಕಲ್ಲಿಗಿಂತ ಮೆತ್ತಗಿರಬೇಕು ಕಣೋ, ನೀರು ಅದರಿಂದ ಹೊರಗೆ ಹೋಗಲಿ" ಎನ್ನುತ್ತಿದ್ದರು. ಆ ಹಳ್ಳಿಯಲ್ಲೇ ಒಂದು ಗೋರಿಯ ಸಂದಿಗೆ ಯಾರೋ ಸಿಮೆಂಟು ಮೆತ್ತಿದ್ದರು. ಸಿಮೆಂಟು ಗಟ್ಟಿಯಾಗೇ ಇದೆ, ಪಕ್ಕದ ಕಲ್ಲು ಹಕ್ಕಳೆಯಾಗಿ ಎದ್ದು ಪುಟ್ಟ ದೇವದೂತನ ಒಂದು ಕೆನ್ನೆ ಉದುರಿದೆ. ಒಳಗೆ ಹಳೆಯ ಕಬ್ಬಿಣದ ಕೊಂಡಿಯಿದ್ದರೆ ಅದು ತುಕ್ಕು ಹಿಡಿದು ಉಬ್ಬಿ ಮೂಲೆಯನ್ನೇ ಸೀಳುತ್ತದೆ. ಇಂಥವನ್ನು ಸುಣ್ಣದ ಗಾರೆ ಬಲ್ಲವರೇ ಮುಟ್ಟಬೇಕು. ದುಬಾರಿಯಾದರೂ ಕಾಯಬೇಕು, ಅಗ್ಗಕ್ಕೆ ಮೆತ್ತಿಸಬಾರದು.

ಪೇನ್ಸ್‌ವಿಕ್ ಇರುವ ಕಾಟ್ಸ್‌ವೋಲ್ಡ್ಸ್ ಸೀಮೆಯನ್ನು ನೋಡಲು ಹೋಗುವ ನಮ್ಮವರಿಗೂ ಒಂದು ಮಾತು. ಫೋಟೋಕ್ಕೆಂದು ಮಕ್ಕಳನ್ನು ಗೋರಿಯ ಮೇಲೆ ನಿಲ್ಲಿಸಬೇಡಿ. ಒಳಗೆ ಟೊಳ್ಳು, ಮೇಲಿನ ಚಪ್ಪಡಿ ಭಾರ, ಸಂದುಗಳು ಸಡಿಲ.

ಹೆಸರು ಓದಬೇಕೇ? ಬ್ರಷ್ಷು ಬೇಡ. ಅವತ್ತು ಕತ್ತಲಾಗುವವರೆಗೆ ಕಾದು, ಆ ಉಜ್ಜುತ್ತಿದ್ದವರ ಜತೆಯಲ್ಲೇ, ಮೊಬೈಲಿನ ಟಾರ್ಚನ್ನು ಕಲ್ಲಿಗೆ ಒತ್ತಿಕೊಂಡಂತೆ ಪಕ್ಕದಿಂದ ಹಿಡಿದೆ. ಅಕ್ಷರದ ಹಳ್ಳಗಳಲ್ಲಿ ನೆರಳು ತುಂಬಿತು. ಜತೆಗೆ ಬಂದಿದ್ದ ನನ್ನ ಮಗಳು ಬಗ್ಗಿ, ಒಂದೊಂದೇ ಅಕ್ಷರ ಕೂಡಿಸುತ್ತ, ಅವರ ಮುತ್ತಜ್ಜಿಯ ಹೆಸರನ್ನು ಗಟ್ಟಿಯಾಗಿ ಓದಿದಳು.