ಹಳೆಯ ಗಣಕದೊಳಗಿನ ಕನ್ನಡ

ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಆಫೀಸ್ 2016 ಹಾಗೂ ಆಫೀಸ್ 2019ರ ಬೆಂಬಲವೂ ಅದೇ ದಿನ ಮುಗಿಯಿತು. ಸಾಂಗಲಿ, ಮಿರಜ, ಜತ್ತ ಪರಿಸರದ ಮನೆ, ಶಾಲೆ, ಮುದ್ರಣಾಲಯಗಳಲ್ಲಿ ಇಂಥ ಗಣಕಗಳು ಇಂದಿಗೂ ದುಡಿಯುತ್ತಿರುವುದರಿಂದ ಗಣಕ ಬಳಗದ ಸದಸ್ಯರಲ್ಲಿ ಒಂದಿಷ್ಟು ಆತಂಕ ಹುಟ್ಟಿರುವುದು ಸಹಜ. ಬೆಂಬಲ ನಿಂತಿತೆಂದರೆ ಯಂತ್ರ ನಿಂತಿತೆಂದಲ್ಲ. ಹೊಸದಾಗಿ ಕಂಡುಬರುವ ಭದ್ರತಾ ದೋಷಗಳಿಗೆ ಇನ್ನು ಮುಂದೆ ಪರಿಹಾರ ಬರುವುದಿಲ್ಲವೆಂದಷ್ಟೇ ಅರ್ಥ. ಮನೆಯ ಗಣಕಗಳಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಪರಿಹಾರಗಳನ್ನು ಪಡೆಯುವ ಒಂದು ಹೆಚ್ಚುವರಿ ಯೋಜನೆಯನ್ನು ಸಂಸ್ಥೆಯೇ ಪ್ರಕಟಿಸಿದೆ. ವಿಂಡೋಸ್ 11ಕ್ಕೆ ಏರಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಅಂಗ ಗಣಕದಲ್ಲಿರಬೇಕು. ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೆಯ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಹತ್ತು ವರ್ಷದ ಹಿಂದೆ ಕೊಂಡ ಯಂತ್ರದಲ್ಲಿ ಇವು ಇರುವ ಸಂಭವ ಕಡಿಮೆ. ಅಂಥ ಯಂತ್ರಕ್ಕೆ ಲಿನಕ್ಸ್ ಹಾಗೂ ಲಿಬ್ರೆ ಆಫೀಸ್ ಹಾಕಿಸಿದರೆ ಖರ್ಚಿಲ್ಲದೆ ಇನ್ನೂ ಕೆಲವು ವರ್ಷ ಕೆಲಸ ತೆಗೆಯಬಹುದು.

ಸುದ್ದಿ ಇಷ್ಟೇ. ಚಿಂತಿಸಬೇಕಾದ ಸಂಗತಿ ಬೇರೆ. ಯಂತ್ರ ಬದಲಾಗುವ ಹೊತ್ತಿನಲ್ಲಿ ಅದರೊಳಗಿನ ಕನ್ನಡದ ಗತಿ ಏನಾಗುತ್ತದೆ ಎಂಬುದು ಬಹಳ ಮಂದಿಯ ಗಮನಕ್ಕೆ ಬಂದಿಲ್ಲ.

ಶಿಕ್ಷಕರೊಬ್ಬರು ಶಾಲೆಯ ಗಣಕದಲ್ಲಿ ನುಡಿ ಅಕ್ಷರಶೈಲಿಯಲ್ಲಿ ಸಿದ್ಧಪಡಿಸಿದ ಅಭ್ಯಾಸ ಪ್ರಶ್ನೆಗಳನ್ನು ಪಾಲಕರ ವಾಟ್ಸ್‌ಆ್ಯಪ್ ಗುಂಪಿಗೆ ವರ್ಡ್ ಕಡತವಾಗಿಯೇ ಕಳುಹಿಸುತ್ತಾರೆ. ತಾಯಿ ಮೊಬೈಲಿನಲ್ಲಿ ತೆರೆದರೆ ಕನ್ನಡದ ಒಂದಕ್ಷರವೂ ಇಲ್ಲ. ಮೇಲೆ ಗೆರೆ, ಚುಕ್ಕೆ, ಬಾಲಗಳುಳ್ಳ ವಿಚಿತ್ರ ರೋಮನ್ ಅಕ್ಷರಗಳ ಸಾಲು. ಕಡತ ಕೆಟ್ಟಿದೆ, ವೈರಸ್ ಹೊಕ್ಕಿದೆ ಎಂದು ಭಾವಿಸಿ ಆಕೆ ಅಳಿಸಿಹಾಕುತ್ತಾಳೆ. ವಾಸ್ತವದಲ್ಲಿ ಕಡತ ಕೆಟ್ಟಿಲ್ಲ, ವೈರಸ್ಸೂ ಹೊಕ್ಕಿಲ್ಲ. ಅದರಲ್ಲಿ ಕನ್ನಡವೆಂಬುದು ಮೊದಲಿನಿಂದಲೂ ಇರಲಿಲ್ಲ.

ಇದು ಒಗಟಿನಂತೆ ತೋರಬಹುದು. ಗಣಕಗಳು ಕನ್ನಡ ಅರಿಯದಿದ್ದ ಕಾಲದಲ್ಲಿ ನಮ್ಮ ತಂತ್ರಜ್ಞರು ಒಂದು ಜಾಣ ಉಪಾಯ ಹೂಡಿದರು. ಗಣಕ ತಾನು ಬಲ್ಲ ರೋಮನ್ ಅಕ್ಷರವನ್ನೇ ಕಡತದಲ್ಲಿ ಇಟ್ಟುಕೊಳ್ಳಲಿ. ಆದರೆ ತೋರಿಸುವಾಗ ಆ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ತೋರಿಸುವ ಅಕ್ಷರಶೈಲಿಯೊಂದನ್ನು ಅದಕ್ಕೆ ತೊಡಿಸೋಣ ಎಂದರು. ಆದ್ದರಿಂದ ನುಡಿ ಕಡತದಲ್ಲಿರುವ 'ಕ' ನಿಜಕ್ಕೂ ಇಂಗ್ಲಿಷಿನ ದೊಡ್ಡ 'ಪಿ' ಮತ್ತು ತಲೆಯ ಮೇಲೆ ಓರೆಗೆರೆಯುಳ್ಳ ದೊಡ್ಡ 'ಎ' ಸೇರಿದ ಜೋಡಿ. 'ನ' ಎಂಬುದು ಬ್ರಿಟಿಷರ ಪೌಂಡ್ ನಾಣ್ಯದ ಚಿಹ್ನೆಗೆ ಅದೇ 'ಎ' ಸೇರಿದ್ದು. ಅಕ್ಷರಶೈಲಿ ಜತೆಗಿರುವವರೆಗೆ ಕಣ್ಣಿಗೆ ಕನ್ನಡ. ಅದು ಕಳಚಿದೊಡನೆ ಒಳಗಿನ ಪೌಂಡು ಬಯಲಾಗುತ್ತದೆ.

ಆ ಉಪಾಯವನ್ನು ಹಳಿಯುವುದು ಕೃತಘ್ನತೆಯಾದೀತು. 1998ರಲ್ಲಿ ಶೇಷಾದ್ರಿವಾಸು ಅವರು 'ಬರಹ'ವನ್ನು ಹೊರತಂದದ್ದು, ಕನ್ನಡ ಗಣಕ ಪರಿಷತ್ತು 'ನುಡಿ'ಯನ್ನು ರೂಪಿಸಿದ್ದು, ಕೆ.ಪಿ. ರಾವ್ ಅವರು ಕನ್ನಡದ ವರ್ಣಮಾಲೆಗೆ ಒಪ್ಪುವ ಸರಳ ಕೀಲಿಮಣೆ ವಿನ್ಯಾಸ ಕೊಟ್ಟದ್ದು — ಇವು ಇರದಿದ್ದರೆ ಅಂದು ಗಣಕದಲ್ಲಿ ಕನ್ನಡ ಬರೆಯುವವರೇ ವಿರಳವಾಗುತ್ತಿದ್ದರು. ಆದರೆ ಊರುಗೋಲು ಕಾಲಲ್ಲ. 1991ರಲ್ಲಿ ಪ್ರಕಟವಾದ ಯುನಿಕೋಡ್ ಶಿಷ್ಟತೆಯ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಕೋಷ್ಟಕ ದೊರೆತಿದೆ. ಅಲ್ಲಿ 'ಕ' ಎಂದರೆ ಯಾವ ಯಂತ್ರದಲ್ಲೂ, ಯಾವ ಅಕ್ಷರಶೈಲಿಯಲ್ಲೂ 'ಕ'ವೇ. ಹಾಗೆ ಬರೆದ ಪಠ್ಯವನ್ನು ಮೊಬೈಲು ತೋರಿಸುತ್ತದೆ, ಹುಡುಕು ಯಂತ್ರ ಹುಡುಕುತ್ತದೆ, ದೃಷ್ಟಿ ಇಲ್ಲದ ಮಗುವಿಗೆ ಗಣಕ ಓದಿಯೂ ಹೇಳುತ್ತದೆ. ನುಡಿ ಶೈಲಿಯ ಕಡತವನ್ನು ಅದೇ ಗಣಕಕ್ಕೆ ಓದಲು ಕೊಟ್ಟರೆ ಅದು ಪೌಂಡಿನ ಹೆಸರು ಹೇಳುತ್ತ ಕೂರುತ್ತದೆ.

ಧಾರವಾಡದಲ್ಲಿಯೋ ಮೈಸೂರಿನಲ್ಲಿಯೋ ಶಾಲೆಯೊಂದರ ಇಂಥ ಕಡತಗಳು ಹಾಳಾದರೆ ನಷ್ಟ ಅಷ್ಟು ದೊಡ್ಡದಲ್ಲ. ಅದೇ ಪಾಠ, ಅದೇ ಪಠ್ಯಕ್ರಮ, ಅದೇ ಪ್ರಶ್ನೆಗಳು ನೆರೆಯ ಸಾವಿರ ಶಾಲೆಗಳಲ್ಲಿ ಇರುತ್ತವೆ. ಸಾಂಗಲಿ ಜಿಲ್ಲೆಯ ಕನ್ನಡ ಶಾಲೆಯ ಸ್ಥಿತಿ ಹಾಗಿಲ್ಲ. ಇಲ್ಲಿ ಮಕ್ಕಳು ಓದುವುದು ಪುಣೆಯ ಬಾಲಭಾರತಿಯ ಪಠ್ಯಪುಸ್ತಕಗಳನ್ನು. ನಾಲ್ಕನೆಯ ಇಯತ್ತೆಯ ಇತಿಹಾಸವೆಂದರೆ ಶಿವಾಜಿ ಮಹಾರಾಜರ ಚರಿತ್ರೆ. ಆ ಪಾಠಗಳ ಮೇಲೆ ಕನ್ನಡದಲ್ಲಿ ಬಿಡಿಸಿ ಬರೆದ ಪ್ರಶ್ನೆ, ಟಿಪ್ಪಣಿ, ನಕ್ಷೆಯ ವಿವರಣೆ, ಶಿಷ್ಯವೃತ್ತಿ ಪರೀಕ್ಷೆಯ ತಯಾರಿಯ ಹಾಳೆಗಳು ಕರ್ನಾಟಕದ ಅಂಗಡಿಯಲ್ಲಿ ಸಿಗುವುದಿಲ್ಲ, ಏಕೆಂದರೆ ಅಲ್ಲಿ ಆ ಪಠ್ಯಕ್ರಮವಿಲ್ಲ. ಸಾಂಗಲಿಯ ಅಂಗಡಿಯಲ್ಲಿ ಸಿಗುವ ಮಾರ್ಗದರ್ಶಿಗಳು ಮರಾಠಿಯವು. ಕನ್ನಡ ಮಾಧ್ಯಮದ ಮಗುವಿಗೆ ಒದಗುವುದು ಶಿಕ್ಷಕರು ತಾವೇ ಕುಳಿತು ಬರೆದದ್ದು ಮಾತ್ರ. ಅದು ಬಹುಪಾಲು ಒಂದೇ ಒಂದು ಗಣಕದಲ್ಲಿರುತ್ತದೆ. ಆ ಶಿಕ್ಷಕರು ವರ್ಗವಾಗಿ ಹೋದರೆ, ಗಣಕ ಗುಜರಿಗೆ ಹೋದರೆ, ಮುಂದೆ ಬರುವವರು ಮೊದಲಿನಿಂದ ತೊಡಗಬೇಕು. ಸ್ನೇಹಸಮ್ಮೇಳನಕ್ಕೆಂದು ಬರೆದ ನಾಟಕಗಳು, ಶಾಲೆಯ ಸ್ಮರಣ ಸಂಚಿಕೆಗಳು, ಹಳ್ಳಿಯ ಹಿರಿಯರಿಂದ ಕೇಳಿ ಬರೆದಿಟ್ಟ ಹಾಡುಗಳು ಆದರಂತೂ ಮೊದಲಿನಿಂದ ತೊಡಗುವುದಕ್ಕೂ ಆಸ್ಪದವಿಲ್ಲ.

ಆದ್ದರಿಂದ ಹಳೆಯ ಗಣಕವನ್ನು ಕೈಬಿಡುವ ಮುನ್ನ ಮಾಡಬೇಕಾದ ಮೊದಲ ಕೆಲಸವೆಂದರೆ ಕಡತಗಳೊಂದಿಗೆ ಅಕ್ಷರಶೈಲಿಗಳನ್ನೂ ನಕಲು ಮಾಡಿಕೊಳ್ಳುವುದು. ಪೆನ್‌ಡ್ರೈವಿನಲ್ಲಿ ಕಡತಗಳನ್ನು ಮಾತ್ರ ಒಯ್ಯುವವರೇ ಹೆಚ್ಚು. ವಿಂಡೋಸ್ ಫೋಲ್ಡರಿನ ಒಳಗೆ ಫಾಂಟ್ಸ್ ಎಂಬ ಫೋಲ್ಡರ್ ಇರುತ್ತದೆ. ಅದರಿಂದ ನುಡಿ, ಬರಹ, ಶ್ರೀಲಿಪಿ ಹೆಸರಿನವನ್ನೆಲ್ಲ ಬೇರೆಯಾಗಿ ಎತ್ತಿಟ್ಟುಕೊಳ್ಳಬೇಕು. ಹೊಸ ಗಣಕದಲ್ಲಿ ಅವನ್ನು ಸ್ಥಾಪಿಸಿದೊಡನೆ ವಿಚಿತ್ರ ಅಕ್ಷರಗಳೆಲ್ಲ ಮತ್ತೆ ಕನ್ನಡವಾಗಿ ಕಾಣುತ್ತವೆ. ಅಕ್ಷರ ಕಾಣದಿದ್ದಾಗ ಕಡತಕ್ಕೆ ತುಂಗಾ ಅಥವಾ ನಿರ್ಮಲಾ ಅಕ್ಷರಶೈಲಿ ಹಾಕಿ ನೋಡುವ ಪ್ರಯತ್ನ ವ್ಯರ್ಥ. ಅವು ಯುನಿಕೋಡಿನವು, ಒಳಗಿರುವ ಪೌಂಡನ್ನು ಪೌಂಡಾಗಿಯೇ ತೋರಿಸುತ್ತವೆ.

ಎರಡನೆಯದು ಪರಿವರ್ತನೆ. ನುಡಿ ತಂತ್ರಾಂಶದಲ್ಲಿಯೇ ಇದಕ್ಕೆ ಪರಿವರ್ತಕವಿದೆ; ಅರವಿಂದ ವಿ.ಕೆ. ಅವರು ರೂಪಿಸಿ ಎಲ್ಲರಿಗೂ ಮುಕ್ತವಾಗಿ ಕೊಟ್ಟಿರುವ ಪರಿವರ್ತಕವೂ ಬಳಕೆಯಲ್ಲಿದೆ. ಪಠ್ಯವನ್ನು ಒಂದೆಡೆ ಅಂಟಿಸಿದರೆ ಇನ್ನೊಂದೆಡೆ ಯುನಿಕೋಡ್ ಕನ್ನಡ ಬರುತ್ತದೆ. ಬರಹ ತಂತ್ರಾಂಶದ ಸ್ವಂತ ಕಡತಗಳಿದ್ದರೆ ಅವನ್ನು ಬರಹದಲ್ಲಿಯೇ ತೆರೆದು ಯುನಿಕೋಡಾಗಿ ಹೊರತೆಗೆಯುವುದು ಲೇಸು. ಪುಣೆಯ ಮಾಡ್ಯುಲರ್ ಇನ್ಫೋಟೆಕ್ ಸಂಸ್ಥೆಯ ಶ್ರೀಲಿಪಿಯು ನಮ್ಮ ಭಾಗದ ಮುದ್ರಣಾಲಯಗಳಿಗೆ ಪರಿಚಿತ. ಅದರ ಒಳಗಿನ ಸಂಕೇತಗಳು ನುಡಿಯವಲ್ಲವಾದ್ದರಿಂದ ನುಡಿಯ ಪರಿವರ್ತಕಕ್ಕೆ ಅದನ್ನು ಕೊಟ್ಟರೆ ಅರ್ಥವಿಲ್ಲದ ಅಕ್ಷರಗಳೇ ಹೊರಬೀಳುತ್ತವೆ. ಯಾವ ಕಡತ ಯಾವ ಅಕ್ಷರಶೈಲಿಯಲ್ಲಿದೆ ಎಂಬುದನ್ನು ಕಡತದ ಹೆಸರಿನಲ್ಲೇ ಸೇರಿಸಿ ಬರೆದಿಟ್ಟರೆ ಮುಂದಿನವರಿಗೆ ಗೊಂದಲವಾಗದು.

ಪರಿವರ್ತಿಸಿದ ಪಠ್ಯವನ್ನು ಓದದೆ ನಂಬಬಾರದು. ತಪ್ಪು ನುಸುಳುವ ಸ್ಥಳಗಳು ಬಹುಮಟ್ಟಿಗೆ ಗೊತ್ತಿರುವಂಥವು. ಕನ್ನಡದ ನಡುವೆ ಇಂಗ್ಲಿಷ್ ಪದವಿದ್ದರೆ ಪರಿವರ್ತಕವು ಅದನ್ನೂ ನುಡಿಯೆಂದೇ ಬಗೆದು ಕನ್ನಡದ ತುಣುಕುಗಳನ್ನಾಗಿಸುತ್ತದೆ. ಅಂಥ ಪದಗಳನ್ನು ಮೊದಲೇ ಗುರುತಿಸಿಟ್ಟು ಆಮೇಲೆ ಕೈಯಾರೆ ಸೇರಿಸಬೇಕು. 'ಸೂರ್ಯ', 'ಕಾರ್ಯ', 'ವರ್ಷ'ಗಳಲ್ಲಿಯ ಅರ್ಕಾವತ್ತು ಇನ್ನೊಂದು. ಹಳೆಯ ಪದ್ಧತಿಯಲ್ಲಿ ಅದು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಇರುತ್ತದೆ, ಯುನಿಕೋಡಿನಲ್ಲಿ ಉಚ್ಚಾರದಂತೆ ಮೊದಲು ಬರುತ್ತದೆ. ಈ ಸ್ಥಾನಪಲ್ಲಟದಲ್ಲಿ ಒಮ್ಮೊಮ್ಮೆ ಪಕ್ಕದ ಅಕ್ಷರಕ್ಕೆ ಹೋಗಿ ಕೂರುವುದುಂಟು. ಅಂಕಪಟ್ಟಿ, ದಿನಾಂಕ, ಹಣದ ಲೆಕ್ಕ ಇರುವ ಪುಟಗಳನ್ನು ಮೂಲದೊಂದಿಗೆ ಎದುರಿಟ್ಟು ಒಬ್ಬರು ಓದಿ ಇನ್ನೊಬ್ಬರು ಒಪ್ಪಬೇಕು. ಹೆಸರುಗಳಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಕನ್ನಡ, ಮರಾಠಿ, ಇಂಗ್ಲಿಷ್ ಎಂದು ಮೂರು ಲಿಪಿಗಳಲ್ಲಿ ಹೆಸರು ಬರೆಯಿಸಿಕೊಳ್ಳುವ ಇಲ್ಲಿಯ ಮಗುವಿಗೆ ಒಂದಕ್ಷರದ ವ್ಯತ್ಯಾಸವೂ ಮುಂದೊಂದು ದಿನ ಪ್ರತಿಜ್ಞಾಪತ್ರ, ರಾಜಪತ್ರ ಪ್ರಕಟಣೆ ಎಂದು ಕಚೇರಿ ಅಲೆಸುತ್ತದೆ.

ಪೇಜ್‌ಮೇಕರ್ ಕಡತಗಳ ವಿಷಯದಲ್ಲಿ ವಿಳಂಬ ಸಲ್ಲದು. ಆ ತಂತ್ರಾಂಶದ ಕೊನೆಯ ಮುಖ್ಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದಕ್ಕೆ ಯುನಿಕೋಡ್ ತಿಳಿಯದು. ಈಗಿನ ಇನ್‌ಡಿಸೈನ್ ಅದರ ಕಡತಗಳನ್ನು ತೆರೆಯುವುದೂ ಇಲ್ಲ. ಸ್ಮರಣ ಸಂಚಿಕೆಗಳನ್ನು ಅಚ್ಚುಹಾಕಿಸಿದ ಶಾಲೆಗಳು ಮುದ್ರಣಾಲಯದಲ್ಲಿ ಪೇಜ್‌ಮೇಕರ್ ಇನ್ನೂ ನಡೆಯುತ್ತಿರುವಾಗಲೇ ಪಠ್ಯವನ್ನು ಹೊರತೆಗೆಯಿಸಿಕೊಳ್ಳಬೇಕು. ಪಿಡಿಎಫ್ ಇದೆಯಲ್ಲ ಎಂದು ನಿಶ್ಚಿಂತರಾಗುವವರೂ ಇದ್ದಾರೆ. ಪಿಡಿಎಫ್ ತನ್ನ ಅಕ್ಷರಶೈಲಿಯನ್ನು ಒಡಲಲ್ಲಿಟ್ಟುಕೊಂಡು ಬರುವುದರಿಂದ ನೋಡಲು, ಮುದ್ರಿಸಲು ಅಡ್ಡಿಯಿಲ್ಲ. ಅದರಿಂದ ಒಂದು ಸಾಲು ನಕಲಿಸಿ ನೋಡಿದರೆ ಅದೇ ಪೌಂಡು ಕೈಗೆ ಬರುತ್ತದೆ. ಕಾಗದ ಮಾತ್ರ ಉಳಿದಿದ್ದರೆ ಅದೂ ನಿರಾಶೆಯ ಮಾತಲ್ಲ: ಗೂಗಲ್ ಲೆನ್ಸ್ ಮತ್ತು ಮುಕ್ತ ತಂತ್ರಾಂಶವಾದ ಟೆಸರಾಕ್ಟ್ ಕನ್ನಡದ ಅಚ್ಚನ್ನು ಚಿತ್ರದಿಂದ ಓದಿ ಪಠ್ಯವಾಗಿಸುತ್ತವೆ. ಒತ್ತಕ್ಷರಗಳಲ್ಲಿ ತಪ್ಪುತ್ತವೆ, ಆದರೂ ಹೊಸದಾಗಿ ಬೆರಳಚ್ಚಿಸುವುದಕ್ಕಿಂತ ತಿದ್ದುವುದು ಸುಲಭ.

ಪರಿವರ್ತಿಸಿದ ಮೇಲೆ ಮೂಲ ಕಡತವನ್ನು ಅಳಿಸಬಹುದೇ? ಕಾನೂನನ್ನು ನೋಡಿದರೆ ಅಳಿಸದಿರುವುದೇ ಕ್ಷೇಮ. ಲಿಖಿತವಾಗಿರಬೇಕೆಂದು ಶಾಸನ ಹೇಳುವಲ್ಲಿ ವಿದ್ಯುನ್ಮಾನ ದಾಖಲೆಯೂ ಸಾಕೆಂದು 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 4ನೆಯ ಕಲಮು ಒಪ್ಪುತ್ತದೆ. ಆದರೆ ಮುಂದೆ ನೋಡಬೇಕೆಂದಾಗ ಅದು ಬಳಸಲು ಬರುವಂತಿರಬೇಕೆಂಬ ಷರತ್ತಿನೊಂದಿಗೆ. ದಾಖಲೆಗಳನ್ನು ಕಾಪಿಡುವ ಕುರಿತ 7ನೆಯ ಕಲಮು ಇನ್ನೊಂದು ಹೆಜ್ಜೆ ಮುಂದಿಡುತ್ತದೆ: ದಾಖಲೆಯು ಮೂಲತಃ ಹುಟ್ಟಿದ ರೂಪದಲ್ಲಾದರೂ ಇರಬೇಕು, ಇಲ್ಲವೇ ಮೂಲದ ಮಾಹಿತಿಯನ್ನು ಯಥಾವತ್ತಾಗಿ ತೋರುತ್ತದೆಂದು ಸಿದ್ಧಪಡಿಸಬಹುದಾದ ರೂಪದಲ್ಲಾದರೂ ಇರಬೇಕು. ಅಕ್ಷರಶೈಲಿ ಕಳೆದುಕೊಂಡ ನುಡಿ ಕಡತ ಇದ್ದರೂ ಬಳಸಲು ಬಾರದು. ಮೂಲವಿಲ್ಲದ ಯುನಿಕೋಡ್ ಕಡತ ಮೂಲಕ್ಕೆ ನಿಷ್ಠವೆಂದು ತೋರಿಸುವುದು ಕಷ್ಟ. ಆಡಳಿತ ಮಂಡಳಿಯ ನಡಾವಳಿ, ದೇಣಿಗೆಯ ಲೆಕ್ಕದಂಥ ಕಾಗದಗಳಲ್ಲಾದರೂ ಎರಡನ್ನೂ ಅಕ್ಷರಶೈಲಿಯ ಸಮೇತ ಒಂದೇ ಫೋಲ್ಡರಿನಲ್ಲಿ ಇಡಬೇಕು. ಆ ಫೋಲ್ಡರಿನ ಇನ್ನೊಂದು ಪ್ರತಿ ಬೇರೊಂದು ಕಟ್ಟಡದಲ್ಲಿರಲಿ. ಕೃಷ್ಣೆಯ ಮಹಾಪೂರ ಕಂಡ ಸಾಂಗಲಿಯವರಿಗೆ ಇದರ ಕಾರಣ ವಿವರಿಸಬೇಕಾಗಿಲ್ಲ.

ಇನ್ನು ಹೊಸದಾಗಿ ಬರೆಯುವವರು, ಅದರಲ್ಲೂ ಮಕ್ಕಳು, ಮೊದಲ ದಿನದಿಂದಲೇ ಯುನಿಕೋಡಿನಲ್ಲಿ ಬರೆಯುವುದು ಯುಕ್ತ. ವಿಂಡೋಸ್‌ನ ಭಾಷಾ ಆಯ್ಕೆಯಲ್ಲಿ ಕನ್ನಡವನ್ನು ಸೇರಿಸಿಕೊಂಡರೆ ಬೇರಾವ ತಂತ್ರಾಂಶವೂ ಬೇಡ. ವಿಂಡೋಸ್ ಕೀಲಿ ಹಾಗೂ ಸ್ಪೇಸ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಭಾಷೆ ಬದಲಾಗುತ್ತದೆ. ಅಲ್ಲಿ ದೊರೆಯುವ ಇನ್‌ಸ್ಕ್ರಿಪ್ಟ್ ವಿನ್ಯಾಸ ಗಡಿಭಾಗದ ಮಕ್ಕಳಿಗೆ ಹೇಳಿಮಾಡಿಸಿದಂಥದು. ಮರಾಠಿಯ 'ಕ' ಯಾವ ಕೀಲಿಯಲ್ಲಿದೆಯೋ ಕನ್ನಡದ 'ಕ' ಕೂಡ ಅದೇ ಕೀಲಿಯಲ್ಲಿದೆ. ಒಂದು ಲಿಪಿಯಲ್ಲಿ ಬೆರಳು ಪಳಗಿದರೆ ಇನ್ನೊಂದು ಲಿಪಿಗೆ ಹೊಸ ಅಭ್ಯಾಸ ಬೇಕಿಲ್ಲ. ಬೆಂಗಳೂರಿನ ಮಗುವಿಗೆ ಇಲ್ಲದ ಅನುಕೂಲವಿದು.

ಒಂದೆಡೆ ಮಾತ್ರ ಬೆರಳು ಎಡವುತ್ತದೆ. ಮರಾಠಿಯಲ್ಲಿ ಹ್ರಸ್ವ 'ಎ', ಹ್ರಸ್ವ 'ಒ' ಇಲ್ಲ. ಮರಾಠಿ ಬೆರಳಚ್ಚು ಕಲಿತ ಮಗು ರೂಢಿಯಂತೆ 'ಎಸ್' ಕೀಲಿ ಒತ್ತಿದರೆ ಕನ್ನಡದಲ್ಲಿ ದೀರ್ಘ 'ಏ' ಸ್ವರ ಬರುತ್ತದೆ, 'ಎ' ಕೀಲಿ ಒತ್ತಿದರೆ ದೀರ್ಘ 'ಓ'. ಹೊಲದ ಬೆಳೆ ಅಡುಗೆಮನೆಯ ಬೇಳೆಯಾಗುವುದು ಹೀಗೆ. 'ಕೊಡು' ಎಂದದ್ದು 'ಕೋಡು' ಆಗುವುದೂ ಹೀಗೆಯೇ. ಹ್ರಸ್ವ 'ಎ'ಕಾರಕ್ಕೆ 'ಝೆಡ್' ಕೀಲಿ, ಹ್ರಸ್ವ 'ಒ'ಕಾರಕ್ಕೆ ಅಂಕೆ ಒಂದರ ಎಡಗಡೆಯ ಮೂಲೆಯ ಕೀಲಿ. ಈ ಎರಡು ಕೀಲಿಗಳನ್ನು ಒಂದು ವಾರ ಅಭ್ಯಾಸ ಮಾಡಿಸಿದರೆ ಸಾಕು.

ಹಳೆಯ ಯಂತ್ರವನ್ನು ಮಾರುವ ಅಥವಾ ಗುಜರಿಗೆ ಹಾಕುವ ದಿನ ಕಡತಗಳನ್ನು ಡಿಲೀಟ್ ಮಾಡುವುದಷ್ಟೇ ಸಾಲದು. ಹಾಗೆ ಅಳಿಸಿದ್ದನ್ನು ಮರಳಿ ಪಡೆಯುವ ತಂತ್ರಾಂಶಗಳಿವೆ, ಶಾಲೆಯ ಗಣಕದಲ್ಲಿ ಮಕ್ಕಳ ಜನ್ಮದಿನಾಂಕ, ಆಧಾರ್ ಸಂಖ್ಯೆ, ಪಾಲಕರ ಬ್ಯಾಂಕ್ ವಿವರಗಳಿರುತ್ತವೆ. ವಿಂಡೋಸ್‌ನ ರೀಸೆಟ್ ಆಯ್ಕೆಯಲ್ಲಿ ಎಲ್ಲವನ್ನೂ ತೆಗೆದು ಡ್ರೈವನ್ನು ಪೂರ್ತಿ ಸ್ವಚ್ಛಗೊಳಿಸುವ ಅವಕಾಶವಿದೆ. ಅದಕ್ಕೆ ಕೆಲವು ಗಂಟೆ ಹಿಡಿಯಬಹುದು. ಆದರೆ ಅದನ್ನು ಒತ್ತುವ ಮುಂಚೆ ನಕಲು ಮಾಡಿದ ಕಡತಗಳನ್ನು ಬೇರೊಂದು ಗಣಕದಲ್ಲಿಯೂ ಒಂದು ಮೊಬೈಲಿನಲ್ಲಿಯೂ ತೆರೆದು, ಕನ್ನಡ ಕನ್ನಡವಾಗಿಯೇ ಕಾಣುತ್ತಿದೆಯೆಂದು ಖಚಿತ ಮಾಡಿಕೊಳ್ಳಬೇಕು.