ಸೀರೆ ಹಳತಾದರೆ ಕೌದಿ
ಹಳೇ ಸೀರೆ ಕೊಟ್ಟು ಸ್ಟೀಲ್ ಡಬ್ಬಿ ತಗೊಳ್ಳುವ ಮುಂಚೆ ಸಂಪಗಾಂವ, ಬೈಲಹೊಂಗಲ ಸೀಮೆಯ ಅಜ್ಜಿಯರು ಅದನ್ನೊಮ್ಮೆ ಬೆರಳಲ್ಲಿ ಹೊಸಕಿ ನೋಡುತ್ತಾರೆ: ಹಾಸಲು, ಹೊದೆಯಲು ಹೊಲಿಯುವ ಕೌದಿಗೆ ಬರುತ್ತದೋ ಇಲ್ಲವೋ. ಹತ್ತಿಯದಿರಬೇಕು, ಒಗೆದೊಗೆದು ಮೆತ್ತಗಾಗಿರಬೇಕು. ಹೊಸ ಬಟ್ಟೆ ನಡುವೆ ಸೇರಿದರೆ ನೀರು ಬಿದ್ದಾಗ ಕುಗ್ಗಿ, ಇಡೀ ಕೌದಿಯನ್ನೇ ಸುಕ್ಕಾಗಿಸುತ್ತದೆ. ಇಳಕಲ್ ಸೀರೆಯಾದರೆ ಒಡಲಷ್ಟೇ ಸಾಕು. ನುಣ್ಣನೆಯ ಸೆರಗನ್ನು ಕತ್ತರಿಸಿ ತೆಗೆಯುವುದು ಲೇಸು. ಪಾಲಿಸ್ಟರ್ ಬೇಡವೇ ಬೇಡ, ಬೆವರು ಹೀರುವುದಿಲ್ಲ. ನಾಲ್ಕೈದು ಪದರು ಹಾಸಿ, ಮೇಲೆ ಹರಿದ ಧೋತರ, ಕುಪ್ಪಸದ ತುಂಡುಗಳನ್ನು ಚೌಕವಾಗಿ ಜೋಡಿಸಿ, ಅಂಚಿನಿಂದ ಸುತ್ತುತ್ತ ನಡುವಿಗೆ ದಾರ ಓಡಿಸಿದರಾಯಿತು. ಖರ್ಚೆಂದರೆ ಸೂಜಿ, ದಾರದ ಉಂಡೆ. ಉಳಿದದ್ದೆಲ್ಲ ಮಧ್ಯಾಹ್ನದ ಬಿಡುವು. (ಆ ಬಿಡುವಿಗೆ ಯಾರೂ ಕೂಲಿ ಕಟ್ಟಿಲ್ಲ, ಅದಕ್ಕೇ ಕೌದಿ ಅಗ್ಗ ಅನ್ನಿಸುತ್ತದೆ.) ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯೂ ಇದರ ಸೋದರಿಯೇ, ಅದರ ಮೂಲೆಗಳಿಗೆ ಮಡಚಿದ ತ್ರಿಕೋನದ 'ಫೂಲ' ಕೂರಿಸದೆ ಕೆಲಸ ಮುಗಿಯಿತು ಅನ್ನುವುದಿಲ್ಲ. 2011ರಲ್ಲಿ ಆ ಕವಂದಿಗಳು ಸ್ಯಾನ್ ಫ್ರಾನ್ಸಿಸ್ಕೋದ ಮ್ಯೂಸಿಯಂನಲ್ಲಿ ಪ್ರದರ್ಶನಗೊಂಡವು. ನಮ್ಮ ಕೌದಿ ಇನ್ನೂ ಬಾಣಂತಿಯ ಹೊರಸಿನ ಮೇಲೇ ಇದೆ, ಅಲ್ಲೇ ಅದಕ್ಕೆ ಹೆಚ್ಚು ಕೆಲಸ. ತಕರಾರು ಇರುವುದು ಒಗೆಯುವಾಗ ಮಾತ್ರ: ತೊಯ್ದ ಕೌದಿಯನ್ನು ಹಿಂಡಲು ಇಬ್ಬರು ಬೇಕು, ಒಣಗಲು ಗಟ್ಟಿ ಬಿಸಿಲು ಬೇಕು. ಹಾಗಾಗಿ ಮಳೆಗಾಲಕ್ಕೆ ಮುಂಚೆಯೇ ಅದನ್ನು ಒಗೆದು ಮಡಚಿಡುತ್ತಾರೆ.