ವರುಣೆಯ ಕಳೆ, ಜೀವದಯೆಯ ಲೆಕ್ಕ

ಸುಪಾರ್ಶ್ವನಾಥ, ಪಾರ್ಶ್ವನಾಥ ತೀರ್ಥಂಕರರ ಜನ್ಮಭೂಮಿಯಾದ ವಾರಾಣಸಿಗೆ ಚಳಿಗಾಲದಲ್ಲಿ ಯಾತ್ರಿಕರೊಡನೆ ಉತ್ತರದ ಕಡಲಕ್ಕಿಗಳೂ ಬರುತ್ತವೆ. ಭದೈನಿ, ಭೇಲೂಪುರಗಳ ದರ್ಶನ ಮುಗಿಸಿ ದೋಣಿಯೇರುವ ಶ್ರಾವಕರು ಅವುಗಳತ್ತ ಖಾರದ ಸೇವು ಎಸೆದು ಜೀವದಯೆ ಮಾಡಿದೆವೆಂದು ತೃಪ್ತರಾಗುತ್ತಾರೆ. ಕರಿದ ತಿನಿಸು ಹಕ್ಕಿಯ ಆಹಾರವಲ್ಲ. ವಲಸೆ ಬಂದ ಅತಿಥಿಗೆ ಬೇಕಾದುದು ತೆರೆದ ನೀರು, ಮೀನು, ಹುಳು, ನೆಮ್ಮದಿಯ ದಡ.

ಆ ನೀರೇ ಮುಚ್ಚಿಹೋಗುತ್ತಿದೆ. ನಗರಕ್ಕೆ ಹೆಸರಿತ್ತ ವರುಣಾ ನದಿಯ ಮೇಲೆ ಮತ್ತೆ ಮತ್ತೆ ಹಾಸಿಕೊಳ್ಳುವುದು ಜಲಕುಂಭಿ. ಕನ್ನಡ ನಾಡಿನ ಕೆರೆಗಳಲ್ಲಿ ಅಂತರಗಂಗೆಯೆಂದು ಕರೆಯುವ ಕಳೆ. ದಕ್ಷಿಣ ಅಮೆರಿಕ ಮೂಲದ ಈ ಸಸ್ಯ ಅನುಕೂಲ ಹವೆಯಲ್ಲಿ ಎರಡು ವಾರಗಳಲ್ಲಿ ಇಮ್ಮಡಿಯಾಗಬಲ್ಲದು. ಅದರ ಹಾಸಿನಡಿ ಬೆಳಕಿಲ್ಲ. ಆಮ್ಲಜನಕ ಕುಗ್ಗಿ ಮೀನು ಸಾಯುತ್ತದೆ. ಬಾತುಗಳಿಗೆ ಇಳಿಯಲು ತಾವಿರದು.

ಹಸಿರನ್ನು ಕೀಳುವುದು ಹಿಂಸೆಯಲ್ಲವೇ ಎಂಬ ಪ್ರಶ್ನೆ ಜೈನರಲ್ಲಿ ಏಳುವುದು ಸಹಜ. ಹಿಂಸೆ ಹೌದು. ಆದರೆ ಗೃಹಸ್ಥನ ಅಣುವ್ರತ ಮೊದಲು ಬಿಡಿಸುವುದು ಸಂಕಲ್ಪೀ ಹಿಂಸೆಯನ್ನು; ಜಲಾಶಯದ ಶುದ್ಧಿಯಲ್ಲಿ ಆಗುವುದು ಆರಂಭೀ ಹಿಂಸೆ. ಅದೂ ಮಿತವಾಗಿರಬೇಕು: ದೇವನಕ್ಕಿ, ಜಂಬುಕೋಳಿಗಳು ತೇಲುವ ಸಸ್ಯಗಳ ನಡುವೆ ಗೂಡು ಕಟ್ಟುವ ಮಳೆಗಾಲವನ್ನು ಬಿಟ್ಟು, ವಲಸೆಗೆ ಮುನ್ನ ಕೆಲಸ ನಡೆಯಬೇಕು. ಕಿತ್ತ ಕಳೆ ದಡದಲ್ಲಿ ಕೊಳೆತು ನೀರಿಗೆ ಮರಳದೆ ಗೊಬ್ಬರವಾಗಬೇಕು.

ನಿಜವಾದ ದೋಷ ಕೊಳಚೆಯದು. ಕಳೆಯನ್ನು ಉಣಿಸುವುದು ಅದರಲ್ಲಿನ ಸಾರಜನಕ, ರಂಜಕ. ಚರಂಡಿಯನ್ನು ಹಾಗೆಯೇ ಬಿಟ್ಟು ಕಳೆ ಕೀಳುವುದೆಂದರೆ ಪ್ರತಿವರ್ಷ ಅದೇ ಹಿಂಸೆ, ಅದೇ ಖರ್ಚು. ಬೀಜಗಳಂತೂ ಕೆಸರಿನಲ್ಲಿ ವರ್ಷಾನುಗಟ್ಟಲೆ ಬದುಕಿರುತ್ತವೆ. ಒಡಿಶಾದ ಚಿಲಿಕಾ ಸರೋವರದಲ್ಲಿ 2000ದಲ್ಲಿ ಸಮುದ್ರಕ್ಕೆ ಹೊಸ ಮುಖ ತೆರೆದಾಗ ಉಪ್ಪುನೀರು ಮರಳಿತು, ಸಿಹಿನೀರಿನ ಕಳೆ ಹಿಮ್ಮೆಟ್ಟಿತು. 2002ರಲ್ಲಿ ಅದು ರಾಮ್‌ಸಾರ್ ಒಪ್ಪಂದದ ಅಪಾಯಪಟ್ಟಿಯಿಂದ ಹೊರಬಂದಿತು. ವರುಣೆಗೆ ಕಡಲಿಲ್ಲ, ಆದರೆ ಕಾರಣವನ್ನು ಸರಿಪಡಿಸಬೇಕೆಂಬ ಪಾಠ ಒಂದೇ.

ಕಳೆ ಕೀಳುವ ಗುತ್ತಿಗೆ ಆವರ್ತಕ ವೆಚ್ಚ. ಕೊಳಚೆಯ ತಡೆ ಬಂಡವಾಳ ವೆಚ್ಚ. ಮೊದಲನೆಯದು ಛಾಯಾಚಿತ್ರಕ್ಕೆ ಸಿಗುತ್ತದೆ, ಎರಡನೆಯದು ನೆಲದಡಿ ಉಳಿಯುತ್ತದೆ. ನಮಾಮಿ ಗಂಗೆ ಆರಂಭವಾದ 2014ರಿಂದಲೂ ವಾರಾಣಸಿ ಪ್ರಧಾನಿಯವರ ಕ್ಷೇತ್ರ. ಗಂಗೆಯ ಘಾಟುಗಳಷ್ಟೇ ಗಮನ ಅದರ ಉಪನದಿಗೂ ಸಲ್ಲಬೇಕೆಂದು ಕೇಳುವುದು ಪಕ್ಷದ್ವೇಷವಲ್ಲ, ಪೌರಧರ್ಮ.

ಸಮಾಜವೂ ತನ್ನ ಪಾಲನ್ನು ನೋಡಿಕೊಳ್ಳಲಿ. ಯಾತ್ರಾಸಂಘಗಳು ತಾವು ತಂಗುವ ಧರ್ಮಶಾಲೆಯ ಕೊಳಚೆ ಎಲ್ಲಿಗೆ ಹರಿಯುತ್ತದೆಂದು ವಿಚಾರಿಸಲಿ. ಜೀವದಯೆಯ ನಿಧಿಗೆ ಕೊಡುವವರು ಅದರ ಒಂದು ಪಾಲು ಆ ದುರಸ್ತಿಗೆ ಸಲ್ಲಲೆಂದು ಬರೆದು ಕೊಡಲಿ. ಸೇವಿನ ಪೊಟ್ಟಣಕ್ಕಿಂತ ಅದು ದೊಡ್ಡ ಆಹಾರದಾನ.